ಪೇತ್ರನ ಮಾತು, ಮಾರ್ಕನ ಬರಹ

ಹಾನಗಲ್ಲ, ೧೯೭೯

ದಿವಂಗತ ದಾನಿಯೇಲ ಮಾಸ್ತರರಿಗೆ, ಕಚೇರಿ ಕಟ್ಟೆಯ ಅರ್ಜಿ ಬರಹಗಾರ ಹೊಳಬಸಪ್ಪ ನಿವೇದಿಸಿಕೊಳ್ಳುವುದೇನೆಂದರೆ:

ಇಂದು ಚಹಾದ ಅಂಗಡಿಯಲ್ಲಿ ತಾವು ಸದಾ ಓದುತ್ತಿದ್ದ ಮಾರ್ಕನ ಸುವಾರ್ತೆಯನ್ನು ಕಾಲೇಜಿನ ಹೊಸ ಲೆಕ್ಚರರು ಖೊಟ್ಟಿ ದಸ್ತಾವೇಜು ಎಂದರು. ಯೇಸುವಿನ ಶಿಷ್ಯ, ಮೀನುಗಾರ ಪೇತ್ರ ಹೇಳಿದ್ದನ್ನು ಮಾರ್ಕನು ಬರೆದುಕೊಂಡನೆಂಬುದಕ್ಕೆ ಪುರಾವೆಯೇ ಇಲ್ಲವಂತೆ; ಎಷ್ಟೋ ವರ್ಷಗಳ ಮೇಲೆ ಯಾರೋ ಗ್ರೀಕ್ ಭಾಷೆಯಲ್ಲಿ ಬರೆದರಂತೆ. ನನಗೆ ಮೈಯೆಲ್ಲ ಉರಿಯಿತು.

“ಓದು ಬಾರದ ಯಂಕವ್ವನ ಅರ್ಜಿ ನಾ ಬರದೇನ್ರಿ. ಹಂಗಂತ ಆಕಿ ದುಃಖ ಖೊಟ್ಟಿ ಏನು?” ಎಂದೆ.

“ನೀವು ಓದಿ ಹೇಳಿದ ಮ್ಯಾಲೆ ಆಕಿ ಹೆಬ್ಬಟ್ಟು ಒತ್ತತಾಳ್ರಿ. ಪೇತ್ರಗ ಯಾರು ಓದಿ ಹೇಳಿದ್ರು, ಅಜ್ಜಾರ?” ಎಂದರು. ಕೂತವರೆಲ್ಲ ನಕ್ಕರು.

ತಾವು ಇದ್ದಾಗ “ಒಂದೀಟು ಕೇಳ್ರಿ, ಹೊಳಬಸಪ್ಪನವರ” ಎಂದು ಆ ಪುಸ್ತಕ ತೆರೆದಾಗಲೆಲ್ಲ ನನಗೆ ಯಾರದೋ ಅರ್ಜಿಯ ಅವಸರವಿರುತ್ತಿತ್ತು.

ಆ ಲೆಕ್ಚರರಿಗೆ ಕೊಡತಕ್ಕ ಉತ್ತರವನ್ನು ತಾವು ದಯಮಾಡಿ ತಿಳಿಸಬೇಕಾಗಿ ವಿನಂತಿ.