ಬಿಳಿ ಜಾಗದಲ್ಲಿ ನಿಂತಿದ್ದ ಕಂಬ

ನಗರ ಸಂಚಾರ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ವೃದ್ಧಾಶ್ರಮದ ಗೇಟಿನ ಎದುರಿಗಿದ್ದ ಬಸ್ ನಿಲ್ದಾಣವನ್ನು ನೀವು ತೆಗೆದುಹಾಕಿದ್ದೀರಿ. ಅಲ್ಲಿಂದ ಯಾರೂ ಬಸ್ ಹತ್ತುವುದಿಲ್ಲ ಎಂದು ನಿಮ್ಮ ಹೊಸ ನಕ್ಷೆ ಹೇಳಿತಂತೆ. ನಮ್ಮಕ್ಕ ಎಷ್ಟೋ ವರ್ಷಗಳಿಂದ ಅಲ್ಲಿಂದಲೇ ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಈಗ ಹೋಗುತ್ತಿಲ್ಲ. ವಿಷಯ ಇಷ್ಟೇ. ಇಷ್ಟಕ್ಕೆಲ್ಲ ಪತ್ರಿಕೆಗೆ ಬರೆಯಬೇಕೇ ಎಂದು ನೀವು ಕೇಳಬಹುದು. ನಿಮ್ಮ ಕಚೇರಿಗೆ ಬರೆದಾಗಲೆಲ್ಲ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಸಾಲು ಮತ್ತೆ ಮತ್ತೆ ಬಂತು. ಅಷ್ಟು ಅಮೂಲ್ಯವಾದದ್ದನ್ನು ನೀವೊಬ್ಬರೇ ಕಾಯುವುದು ಕಷ್ಟ ಎಂದು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟಿಲ್ಲ. ಬರಬೇಕಿತ್ತು, ಬಂದಿಲ್ಲ. ನಾನು ಬೀಗ ರಿಪೇರಿ ಮಾಡುವವನು. ಮನೆಯ ಕೀಲಿಕೈ ಕಳೆದುಕೊಂಡವರು ಮೊದಲು ಕೂಗಾಡುತ್ತಾರೆ, ಆಮೇಲೆ ಮನೆಯವರನ್ನೆಲ್ಲ ಬೈಯುತ್ತಾರೆ, ಕೊನೆಗೆ ಸುಮ್ಮನೆ ಮೆಟ್ಟಿಲ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ನಾನೀಗ ಆ ಮೆಟ್ಟಿಲ ಮೇಲೆ ಕೂತಿದ್ದೇನೆ. ಆದ್ದರಿಂದ ಈ ಪತ್ರದಲ್ಲಿ ಬಿಸಿ ಕಡಿಮೆಯಿದ್ದರೆ ಕ್ಷಮಿಸಬೇಕು.

ನಮ್ಮಕ್ಕನಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಕಣ್ಣು ಹೋಯಿತು. ಊರಾಚೆಯ ಕಾರ್ಖಾನೆಯೊಂದರಲ್ಲಿ ಬೆತ್ತದ ಕುರ್ಚಿಗಳಿಗೆ ಸೀಟು ಹೆಣೆಯುತ್ತಾಳೆ. ವೃದ್ಧಾಶ್ರಮದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಅಲ್ಲಿಂದ ಕಾಂಪೌಂಡ್ ಗೋಡೆ ಸವರಿಕೊಂಡು ಬಂದರೆ ನಿಲ್ದಾಣದ ಕಬ್ಬಿಣದ ಕಂಬ ಸಿಗುತ್ತಿತ್ತು. ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. "ಬಸ್ಸು ತಿರುವಿಗೆ ಬಂತು ಅಂದ್ರೆ ಕಂಬಕ್ಕೇ ಮೊದ್ಲು ಗೊತ್ತಾಗುತ್ತೆ ಕಣೋ, ಸಣ್ಣಕ್ಕೆ ನಡುಗುತ್ತೆ" ಎನ್ನುತ್ತಿದ್ದಳು. ಬಸ್ಸು ಎಲ್ಲಿದೆ ಎಂದು ತೋರಿಸುವ ನಿಮ್ಮ ಆ್ಯಪ್ ಹುಟ್ಟುವ ಮೊದಲೇ ಅವಳ ಬಳಿ ಒಂದು ಆ್ಯಪ್ ಇತ್ತು. ಅದಕ್ಕೆ ಚಾರ್ಜು ಮಾಡುವ ಕಷ್ಟವೂ ಇರಲಿಲ್ಲ.

ಹೊಸ ತಂತ್ರಜ್ಞಾನ ಕಂಡರೆ ಉರಿದುಬೀಳುವವನು ನಾನಲ್ಲ. ನಿಮ್ಮ ಆ್ಯಪನ್ನು ನಾನೂ ನೋಡುತ್ತೇನೆ. ಹಸಿರು ಬಾಣ ರಸ್ತೆಯುದ್ದಕ್ಕೂ ತೆವಳಿಕೊಂಡು ಬರುವುದು ನೋಡಲು ಚೆಂದ. ಎಲ್ಲಿ ಜನ ಹೆಚ್ಚೋ ಅಲ್ಲಿ ಬಸ್ಸು ಹೆಚ್ಚು ಬಿಡಬೇಕು, ಅದಕ್ಕೆ ಜನರನ್ನು ಎಣಿಸಬೇಕು, ಎಣಿಸಲು ಯಂತ್ರ ಬೇಕು. ಎಲ್ಲವೂ ಒಪ್ಪತಕ್ಕ ಮಾತೇ. ಆದರೆ ಎಣಿಸಿದ್ದು ಯಾರನ್ನು ಎಂದು ಕೇಳಲು ನಿಮ್ಮ ಕಚೇರಿಗೇ ಬಂದೆ. ಗಾಜಿನ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರ ಮುಂದಿದ್ದ ತರುಣಿ ಬಹಳ ಮರ್ಯಾದೆಯಿಂದ ವಿವರಿಸಿದರು. ಜನ ಜಾಸ್ತಿ ಹತ್ತುವ ಕಡೆ ಕೆಂಪು, ಕಡಿಮೆಯಿದ್ದರೆ ಹಳದಿ, ಯಾರೂ ಇಲ್ಲದಿದ್ದರೆ ಬಿಳಿ.

"ನೋಡಿ ಸರ್, ನಿಮ್ಮ ಸ್ಟಾಪು ಪೂರ್ತಿ ಬಿಳಿ. ಒಬ್ರೂ ಹತ್ತಲ್ಲ."

"ನಮ್ಮಕ್ಕ ಹತ್ತುತ್ತಾಳಲ್ಲಮ್ಮ, ದಿನಾ."

"ಕಾರ್ಡು ಬಸ್ಸಿನ ಯಂತ್ರಕ್ಕೆ ಮುಟ್ಟಿಸ್ತಾರಾ?"

"ಅವಳದ್ದು ಉಚಿತ ಪಾಸು. ಡ್ರೈವರಿಗೆ ತೋರಿಸ್ತಾಳೆ."

"ಹಾಗಾದ್ರೆ ಬರಲ್ಲ ಸರ್. ಮುಟ್ಟಿಸಿದ್ರೆ ಮಾತ್ರ ಎಣಿಕೆಗೆ ಬರೋದು."

ವೃದ್ಧರೂ ಅಂಗವಿಕಲರೂ ಯಂತ್ರದ ಹತ್ತಿರ ತಡಕಾಡುವುದು ಬೇಡ, ಪಾಸು ತೋರಿಸಿ ಸೀದಾ ಒಳಗೆ ಬರಲಿ ಎಂದು ನಿಯಮ ಮಾಡಿದವರು ಯಾರು? ನೀವೇ. ಒಳ್ಳೆಯ ನಿಯಮ, ಅದಕ್ಕೆ ಆಗ ಚಪ್ಪಾಳೆಯೂ ಬಿತ್ತು. ಈಗ ವೃದ್ಧಾಶ್ರಮದ ಎದುರಿನ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ ಎಂದುಕೊಂಡಿರಿ? ಕಾಲೇಜು ಹುಡುಗರೇ? ಆಶ್ರಮದ ಮುದುಕರು, ಪಕ್ಕದ ಚಿಕಿತ್ಸಾಲಯಕ್ಕೆ ಊರುಗೋಲು ಹಿಡಿದು ಬರುವವರು, ನಮ್ಮಕ್ಕ. ಎಲ್ಲರದ್ದೂ ಪಾಸೇ. ಮುಟ್ಟಿಸಬೇಡಿ ಎಂದವರೂ ನೀವೇ, ಮುಟ್ಟಿಸದವರು ಇಲ್ಲವೇ ಇಲ್ಲ ಎಂದವರೂ ನೀವೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ; ನೀವು ಗೋಡೆಯಗಲದ ಕನ್ನಡಿ ತಂದಿರಿ, ಹುಣ್ಣು ಅದರಲ್ಲೂ ಕಾಣಲಿಲ್ಲ. ಆ ತರುಣಿಗೆ ಇದು ತಕ್ಷಣ ಅರ್ಥವಾಯಿತು, ಅವರ ಮುಖ ಸಪ್ಪಗಾಯಿತು. "ಮೇಲಿನವರಿಗೆ ತಿಳಿಸ್ತೀನಿ ಸರ್" ಎಂದರು. ಮೇಲಿನವರು ತಾವು. ತಿಳಿದಿದೆಯೇ?

ಕಂಬ ಕಿತ್ತ ಮೇಲೂ ಕೆಲವು ವಾರ ಬಸ್ಸು ನಿಂತಿತು. ಆ ಬಸ್ಸಿನ ಡ್ರೈವರನನ್ನು ಎಲ್ಲರೂ ಮೀಸೆಯಣ್ಣ ಎಂದೇ ಕರೆಯುವುದು. ಕಂಬವಿಲ್ಲದ ಗುಂಡಿಯ ಪಕ್ಕ ಕೋಲೂರಿ ನಿಂತ ಅಕ್ಕನನ್ನು ಕಂಡು, "ಕಂಬ ಹೋದ್ರೆ ಹೋಗ್ಲಿ, ನೀವಿದೀರಲ್ಲ, ಹತ್ತಿ" ಎಂದು ಬ್ರೇಕು ಹಾಕುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ತಿರುವುಮುರುವಾಯಿತು. ಪೂಜಾರಿ ಕೊಟ್ಟ, ದೇವರು ಕಿತ್ತುಕೊಂಡ. ದಿನಾ ಹತ್ತುತ್ತಿದ್ದ ನಮ್ಮಕ್ಕನನ್ನು ಕಾಣದ ನಿಮ್ಮ ನಕ್ಷೆ ಮೀಸೆಯಣ್ಣನ ಬ್ರೇಕನ್ನು ಮೊದಲ ದಿನವೇ ಕಂಡಿತು. 'ಅನಧಿಕೃತ ನಿಲುಗಡೆ' ಎಂದು ದಿನಕ್ಕೊಂದು ಕೆಂಪು ಚುಕ್ಕೆ ಬಿತ್ತು. ಅವನನ್ನು ಬೇರೆ ಮಾರ್ಗಕ್ಕೆ ಹಾಕಿದರು. ನಿಮ್ಮ ನಕ್ಷೆಯಲ್ಲಿ ನಮ್ಮಕ್ಕ ಮೊದಲ ಸಲ ಮೂಡಿದ್ದು ಹೀಗೆ, ಇನ್ನೊಬ್ಬನ ತಪ್ಪಾಗಿ. ಮೀಸೆಯಣ್ಣ ನನ್ನ ಬೀಗದಂಗಡಿಗೆ ಬಂದು ಕೂತ. "ಅಕ್ಕಂಗೆ ಹೇಳ್ಬಿಡಿ, ನಾನು ಬೇಕಂತ ಬಿಟ್ಟು ಹೋಗಿಲ್ಲ" ಎಂದಷ್ಟೇ ಹೇಳಿ ಎದ್ದ.

ಈಗ ಹತ್ತಿರದ ನಿಲ್ದಾಣ ಮೇಲ್ಸೇತುವೆಯ ಆಚೆ. ನಡುವೆ ಲಾರಿಗಳು ಬಿಡುವಿಲ್ಲದೆ ಓಡುವ ಅಗಲವಾದ ರಸ್ತೆ, ಸಿಗ್ನಲ್ ಇಲ್ಲ. ನಿಮ್ಮ ಆ್ಯಪ್ ಅದನ್ನು 'ಸುಲಭ ನಡಿಗೆ' ಎನ್ನುತ್ತದೆ. ನಡೆದವರು ಯಾರೋ ಕಾಣೆ. ಕೆಲವು ದಿನ ನಾನೇ ಅಂಗಡಿ ತಡವಾಗಿ ತೆರೆದು ಅವಳ ಕೈ ಹಿಡಿದು ದಾಟಿಸಿದೆ. ಒಂದು ಬೆಳಿಗ್ಗೆ ಕೈ ಬಿಡಿಸಿಕೊಂಡಳು. "ಇಷ್ಟು ವರ್ಷ ಕೆಲಸಕ್ಕೆ ನಾನು ಹೋಗ್ತಿದ್ದೆ. ಈಗ ನೀನು ನನ್ನ ಬಿಟ್ಟು ಬರ್ತಿದೀಯ. ಸಾಕು, ಬಿಡು" ಎಂದಳು. ಕಾರ್ಖಾನೆಯ ಯಜಮಾನರು ಒಳ್ಳೆಯವರೇ. "ಅಕ್ಕಾವ್ರ ಜಾಗ ಹಾಗೇ ಖಾಲಿ ಇಟ್ಟಿದೀನಿ, ಆದ್ರೆ ತಿಂಗಳ ಕೊನೆವರೆಗೆ ಅಷ್ಟೇ ಆಗೋದು" ಎಂದು ಫೋನು ಮಾಡಿದ್ದಾರೆ. ಅಕ್ಕ ಈಗಲೂ ದಿನಾ ಬೆಳಿಗ್ಗೆ ತಲೆ ಬಾಚಿ, ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂರುತ್ತಾಳೆ. ಗಲ್ಲಿಯಾಚೆ ಬಸ್ಸು ಬರುವ ಸದ್ದು, ನಿಲ್ಲದೆ ಹೋಗುವ ಸದ್ದು. ಆಮೇಲೆ ಎದ್ದು ಚೀಲವನ್ನು ಮೊಳೆಗೆ ತೂಗುಹಾಕುತ್ತಾಳೆ. ಅದನ್ನು ನೋಡಲಾರದೆ ನಾನು ಬೇಗ ಅಂಗಡಿಗೆ ಹೋಗಿಬಿಡುತ್ತೇನೆ.

ಕೇಳುವುದು ದೊಡ್ಡದೇನಲ್ಲ. ತಿಂಗಳು ಮುಗಿಯುವುದರೊಳಗೆ ಆ ಕಂಬವನ್ನು ಅದೇ ಗುಂಡಿಯಲ್ಲಿ ನೆಡಿ. ಗುಂಡಿ ಇನ್ನೂ ಮುಚ್ಚಿಲ್ಲ, ಆ ಮಟ್ಟಿಗೆ ನಿಮ್ಮ ಇಲಾಖೆಯ ಸೋಮಾರಿತನಕ್ಕೆ ನಾನು ಋಣಿ. ಪಾಸು ತೋರಿಸುವವರನ್ನೂ ಮನುಷ್ಯರ ಲೆಕ್ಕಕ್ಕೆ ಸೇರಿಸಿ. ಮೀಸೆಯಣ್ಣನ ಹೆಸರಿನ ಕೆಂಪು ಚುಕ್ಕೆಗಳನ್ನು ಅವನ ತಪ್ಪಿನ ಪಟ್ಟಿಯಿಂದ ತೆಗೆದು ನಕ್ಷೆಯಲ್ಲಿ ಉಳಿಸಿ. ಒಂದೊಂದು ಚುಕ್ಕೆಯಲ್ಲೂ ನಮ್ಮಕ್ಕ ಒಂದೊಂದು ಸಲ ಬಸ್ಸು ಹತ್ತಿದ್ದಾಳೆ.

ಇಷ್ಟು ಬರೆದು ಅವಳಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿದಳು. ಆಮೇಲೆ, "ಇನ್ನೊಂದು ಸಾಲು ಸೇರಿಸು. ಯಂತ್ರ ಮುಟ್ಟಿಲ್ಲ, ನಿಜ. ಕಂಬ ದಿನಾ ಮುಟ್ಟಿದೀನಿ ಅಂತ ಬರಿ" ಎಂದಳು.

ಬರೆದಿದ್ದೇನೆ.

ಇಂತಿ,
ನಿಮ್ಮ ಬಿಳಿ ಜಾಗದ ನಿವಾಸಿ,
ಕಂಬ ಮುಟ್ಟಿದವಳ ತಮ್ಮ