ಮಾವನ ಮಾತು ನಿಂತ ಜಾಗ

ಗುರುವಾರ, ಸಂಜೆ
ಆಸ್ಪತ್ರೆಯ ಹಾಸ್ಟೆಲ್

ಪ್ರೀತಿಯ ಅಮ್ಮಾ,

ಮಾವ ಬದುಕಿದ್ದಾನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಕನ್ನಡಕ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಕೊನೆಯ ಸಾಲಿಗೆ ಹಾರುತ್ತೀಯ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ತಮ್ಮನ ಸುದ್ದಿ ಎತ್ತಿದರೆ ಸಾಕು, ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತೀಯ. ಅಜ್ಜ ತೀರಿಕೊಂಡ ದಿನ ನೆಂಟರೆಲ್ಲರ ಮುಂದೆ ಅವನು "ಬದುಕಿದ್ದಾಗ ನೋಡೋಕೆ ಬರದವಳು ಈಗ್ಯಾಕೆ ಅಳ್ತೀಯ" ಅಂದದ್ದು ಸಣ್ಣ ಮಾತಲ್ಲ. ನಾನೂ ಅಲ್ಲೇ ನಿಂತಿದ್ದೆ. ಆ ದಿನದಿಂದ ನಿಮ್ಮಿಬ್ಬರ ನಡುವೆ ಮಾತಿಲ್ಲ. ಆದರೂ ಇದನ್ನು ಪೂರ್ತಿ ಓದು, ಅಮ್ಮಾ. ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಅವನ ತಲೆಯಲ್ಲಿ ಗಡ್ಡೆಯಿದೆ ಎಂದು ಅಪ್ಪ ನಿನಗೆ ಹೇಳಿದ್ದಾರೆ. ಹೇಗೆ ಗೊತ್ತಾಯಿತು ಎಂದು ಹೇಳಿರಲಾರರು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು ನಡುವೆಯೇ ಬಾಯಿ ತೆರೆದುಕೊಂಡು ನಿಂತನಂತೆ. ಬೆಲೆ ಏರಿಸಲು ಇವನದ್ದೊಂದು ನಾಟಕ ಎಂದುಕೊಂಡು ಜನ ನಕ್ಕರಂತೆ. ತುಟಿ ಒಂದು ಕಡೆ ಎಳೆದು ಟೊಮೆಟೊ ರಾಶಿಯ ಮೇಲೆ ಬಿದ್ದಾಗಲೇ ಅವರ ನಗು ನಿಂತದ್ದು. ನಮ್ಮ ಆಸ್ಪತ್ರೆಗೆ ತಂದರು. ಸ್ಕ್ಯಾನ್ ಚಿತ್ರದ ಮುಂದೆ ನಿಂತು ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಗಡ್ಡೆಯ ಅಂಚು ಗುರುತಿಸುತ್ತಿದ್ದೆ. ಆಮೇಲೆ ಮೂಲೆಯಲ್ಲಿದ್ದ ಹೆಸರು ಓದಿದೆ. ಮಾವನದು. ನಿಂಬೆಹಣ್ಣಿನಷ್ಟು ದೊಡ್ಡದು, ಎಡಗಡೆ, ಮಾತು ಹುಟ್ಟುವ ಜಾಗಕ್ಕೇ ಒತ್ತಿಕೊಂಡು ಕೂತಿತ್ತು.

ನಮ್ಮ ವಿಭಾಗದ ಮುಖ್ಯಸ್ಥೆಯ ಬಗ್ಗೆ ನಿನಗೆ ಹೇಳಿದ್ದೇನಲ್ಲ, ಹಿಂದಿನಿಂದ ನಾವೆಲ್ಲ 'ಅತ್ತೆ' ಅನ್ನುವವರು. ನಾವು ಹಾಕಿದ ಒಂದೊಂದು ಹೊಲಿಗೆಯಲ್ಲೂ ಹುಳುಕು ಹುಡುಕುತ್ತಾರೆ. ಇಂಥ ಗಡ್ಡೆಯನ್ನು ಅವರು ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ತೆಗೆಯುತ್ತಾರೆ. ಗಾಬರಿಯಾಗಬೇಡ. ತಲೆಯ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಮಿದುಳಿಗೆ ತನ್ನದೇ ನೋವಿಲ್ಲ. ಒಬ್ಬರು ರೋಗಿಯ ಮುಖದ ಹತ್ತಿರ ಕೂತು ಮಾತಾಡಿಸುತ್ತಿರಬೇಕು. ಮಿದುಳಿಗೆ ಸಣ್ಣ ಕರೆಂಟು ತಾಗಿಸಿದಾಗ ಮಾತು ಎಲ್ಲಿ ಕೆಡುತ್ತದೋ ಆ ಜಾಗವನ್ನು ಚಾಕು ಮುಟ್ಟುವುದಿಲ್ಲ. ಅತ್ತೆಯ ಸಂಶೋಧನೆಯೂ ಇದರ ಮೇಲೆಯೇ. ಹೊರದೇಶದಿಂದ ಬಂದ ಪರೀಕ್ಷೆಗಳಲ್ಲಿ ಬರೀ ವಸ್ತುಗಳ ಹೆಸರು ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಅಷ್ಟು ಸಾಕೇ, ಪೆಟ್ಟು ಮೊದಲು ಪದಗಳ ಬಾಲಕ್ಕೆ, ಅಂದರೆ 'ಅನ್ನು', 'ಇಂದ', 'ಗೆ' ಎನ್ನುವ ಪ್ರತ್ಯಯಗಳಿಗೆ, ಬೀಳುತ್ತದೆಯೇ ಎಂದು ಅವರು ವರ್ಷಗಳಿಂದ ಕಿವಿಗೊಟ್ಟು ಕೇಳುತ್ತಿದ್ದಾರೆ. ಆ ಕೇಳುವ ಕೆಲಸವನ್ನು ನನಗೂ ಕಲಿಸುತ್ತಿದ್ದಾರೆ.

ಮಾವನ ಹತ್ತಿರ ನಾನು ಕೂರಕೂಡದು ಎಂದೇ ಅವರು ಮೊದಲು ಹೇಳಿದ್ದು. ಮಾವ ಕೇಳಬೇಕಲ್ಲ! "ಇವಳಿಲ್ದಿದ್ರೆ ನಾನು ಬಾಯೇ ಬಿಡಲ್ಲ, ಮೇಡಂ. ಆಮೇಲೆ ನೀವುಂಟು, ನನ್ನ ತಲೆಯುಂಟು" ಅಂದ. ಮದುವೆಯಾಗದವನು, ಅವನ ಪರವಾಗಿ ಸಹಿ ಹಾಕಲೂ ನಾನೊಬ್ಬಳೇ. ಕೊನೆಗೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಚಾಕು ನಿನ್ನ ಕೈಲಿ ಇರಲ್ಲ. ಆದ್ರೆ ಪ್ರೀತಿಯಿಂದ ಒಂದೇ ಒಂದು ಸುಳ್ಳು ಹೇಳಿದೆ ಅಂದ್ರೆ, ಅವರ ಮಾತು ತೆಗೆದವಳು ನೀನೇ ಆಗ್ತೀಯ" ಅಂದರು.

ಆಪರೇಷನ್ ನಿನ್ನೆ ನಡೆಯಿತು. ತಲೆಯನ್ನು ಕಬ್ಬಿಣದ ಕವೆಯಲ್ಲಿ ಬಿಗಿದಿದ್ದರು. ನೀಲಿ ಬಟ್ಟೆಯ ಈಚೆ ಅವನ ಮುಖ ಮತ್ತು ನಾನು, ಆಚೆ ಉಳಿದವರೆಲ್ಲ. ಮೂಳೆ ಕೊರೆಯುವ ಸದ್ದಿಗೆ ನನ್ನ ಹಲ್ಲು ಕಟಕಟ ಅಂದರೆ ಅವನು, "ಮೇಲಿನ ಮನೆಯವ್ರು ರಿಪೇರಿ ಶುರು ಮಾಡಿದ್ರಾ?" ಅಂದ. ಆದರೆ ನನ್ನ ಕೈ ಹಿಡಿದಿದ್ದ ಅವನ ಕೈ ಒದ್ದೆಯಾಗಿತ್ತು.

ಚಿತ್ರ ತೋರಿಸತೊಡಗಿದೆ. ಕೊಡೆ. ಹಸು. ಏಣಿ. ಎಲ್ಲಕ್ಕೂ ಹರಾಜಿನ ರಾಗದಲ್ಲೇ ಉತ್ತರ. "ಕೊಡೆ ಒಂದ್ಸಲ, ಕೊಡೆ ಎರಡ್ಸಲ!" ಅರಿವಳಿಕೆ ಡಾಕ್ಟರೂ ನಕ್ಕರು. ಆಮೇಲೆ ಬೀಗದ ಚಿತ್ರ ತೋರಿಸಿದೆ. "ಇದು..." ಅಂದವನು ನಿಂತ. ಬಾಯಿ ತೆರೆದೇ ಇತ್ತು, ಸ್ವರವಿಲ್ಲ. ಕಣ್ಣು ಮಾತ್ರ ನನ್ನನ್ನೇ ಹುಡುಕುತ್ತಿತ್ತು. ಬಾವಿಗೆ ಬಿದ್ದವರು ಮೇಲೆ ನೋಡುವುದು ಹಾಗೆಯೇ ಇರಬೇಕು. ನಾನು ಕೈ ಎತ್ತಿದೆ, ಅತ್ತೆ ಕರೆಂಟು ತೆಗೆದರು. "ಬೀಗ, ಬೀಗ!" ಎಂದು ಅವನು ಕೂಗಿಕೊಂಡ. ಅತ್ತೆ ಆ ಜಾಗದ ಮೇಲೆ ಕಾಗದದ ಚೂರೊಂದನ್ನು ಇಟ್ಟು ಗುರುತು ಮಾಡಿದರು.

ಗುರುತುಗಳೆಲ್ಲ ಮುಗಿದ ಮೇಲೆ ಗಡ್ಡೆಯನ್ನು ಬಿಡಿಸತೊಡಗಿದರು. ಈಗ ಅವನು ಬಿಡದೆ ಮಾತಾಡುತ್ತಿರಬೇಕಿತ್ತು. ಏನಾದರೂ ಕಥೆ ಹೇಳು ಮಾವ ಎಂದೆ. ಅವನು ಆರಿಸಿಕೊಂಡದ್ದು ನಿನ್ನ ಕಥೆ. ಚಿಕ್ಕವನಿದ್ದಾಗ ಕಾಲು ಮುರಿದುಕೊಂಡಿದ್ದನಂತೆ. ನೀನು ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ಯುತ್ತಿದ್ದೆಯಂತೆ, ದಾರಿಯುದ್ದಕ್ಕೂ ಬೈಯುತ್ತಿದ್ದೆಯಂತೆ. ನನಗೆ ಇದನ್ನು ನೀನು ಯಾವತ್ತೂ ಹೇಳಿಲ್ಲ. "ಕತ್ತೆ ಥರ ತಿಂದಿದೀಯ, ಇಳಿಯೋ ಅಂತ ಬೈತಿದ್ಲು, ಆದ್ರೆ ಒಂದಿನಾನೂ ಇಳಿಸ್ಲಿಲ್ಲ" ಅಂದ. ಚೆನ್ನಾಗಿಯೇ ಹೇಳುತ್ತಿದ್ದ. ಆಮೇಲೆ, "ಅಕ್ಕ... ನಾನು... ಬೆನ್ನು... ಹೊತ್ತು..." ಅಂದ.

ಪದಗಳೆಲ್ಲ ಇದ್ದವು. ಒಂದನ್ನೊಂದು ಹಿಡಿದುಕೊಳ್ಳುವ ಕೊಕ್ಕೆಗಳು ಮಾತ್ರ ಕಳಚಿದ್ದವು. ಯಾರು ಯಾರನ್ನು ಹೊತ್ತರು ಎನ್ನುವುದೇ ಹೋಗಿತ್ತು.

"ಸುಸ್ತಾಗಿರ್ಬೇಕು, ಬಹಳ ಹೊತ್ತಾಯ್ತು" ಎಂದರು ಜೊತೆಯ ಡಾಕ್ಟರು. ಬಟ್ಟೆಯ ಆಚೆಯಿಂದ ಅತ್ತೆ ನನ್ನನ್ನೇ ಕೇಳಿದರು: "ನೀನು ಹೇಳು. ಸುಸ್ತಾ, ಇಲ್ಲ ನಾನು ಹತ್ತಿರ ಬಂದಿದೀನಾ?"

ಸುಸ್ತು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹಾಗೆ ಹೇಳಬೇಕೆಂದು ಎಷ್ಟು ಆಸೆಯಾಯಿತು, ಯಾಕೆ ಆಯಿತು ಎಂದು ಈಗ ಕೇಳಬೇಡ. "ಸುಸ್ತಲ್ಲ, ಮೇಡಂ. ನಿಲ್ಲಿಸಿ" ಎಂದೆ.

ಅವರು ನಿಲ್ಲಿಸಿದರು.

ತಲೆ ಮುಚ್ಚಿ ವಾರ್ಡಿಗೆ ತರುವ ಹೊತ್ತಿಗೆ ಮಾವನ ಮಾತು ಪೂರ್ತಿ ಹೋಗಿತ್ತು. ಇವತ್ತೂ ಇಲ್ಲ. ಕರೆದರೆ ತಿರುಗುತ್ತಾನೆ, ಹೇಳಿದ್ದು ಅರ್ಥವಾಗುತ್ತದೆ, ಗಂಜಿ ಕುಡಿದ. ಬಾಯಿ ತೆರೆಯುತ್ತಾನೆ, ಏನೂ ಬರುವುದಿಲ್ಲ. ಒಳಗಿನ ಊತ ಇಳಿದರೆ ಬರಬಹುದು, ವಾರವೂ ಆಗಬಹುದು ಎನ್ನುತ್ತಾರೆ ಅತ್ತೆ. ಆ 'ಬಹುದು' ಎನ್ನುವ ಪದವನ್ನು ನಾನೇ ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ಅದು ಕೇಳುವವರಿಗೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ನಾನು ಬಾಯಿ ತೆರೆಯಲು ಒಂದು ಉಸಿರಿನಷ್ಟು ತಡಮಾಡಿದೆನೇ? ಅಷ್ಟರಲ್ಲೇ ಎಲ್ಲ ಮುಗಿದುಹೋಯಿತೇ? ವಾರ್ಡಿನ ಬಾಗಿಲು ತಳ್ಳುವ ಮುಂಚೆ ಪ್ರತಿ ಸಲವೂ ನಿಂತುಬಿಡುತ್ತೇನೆ. ಆ ಮೌನದ ಎದುರು ಹೋಗಿ ಕೂರುವುದಕ್ಕೆ ಭಯ.

ಮನೆಯವರ ಮಾತು ಕಿವಿಗೆ ಬೀಳುತ್ತಿದ್ದರೆ ಒಳ್ಳೆಯದು ಎಂದು ಮಾತಿನ ತರಬೇತಿ ಕೊಡುವವರು ಹೇಳಿದರು. ಅವನ ಮನೆಯವರು ಅಂದರೆ ಯಾರು, ಅಮ್ಮಾ? ಬೈಯುವುದಾದರೆ ಬಂದು ಬೈಯಿ. ನಿನ್ನ ದನಿ ಕೇಳಲಿ.

ಎಂದಿಗೂ ನಿನ್ನವಳೇ ಆದ
ಪುಕ್ಕಲು ಮಗಳು

ತಾ.ಕ.: ಶನಿವಾರ. ಪತ್ರ ಇನ್ನೂ ನನ್ನ ಬಿಳಿ ಕೋಟಿನ ಜೇಬಿನಲ್ಲೇ ಇದೆ. ನಿನ್ನಿಂದ ಒಂದನ್ನು ಮುಚ್ಚಿಟ್ಟಿದ್ದೆ, ಅದಕ್ಕೇ ಕಳಿಸಲಾಗಲಿಲ್ಲ. ಗಡ್ಡೆ ಪೂರ್ತಿ ಹೋಗಿಲ್ಲ. ನಾನು ನಿಲ್ಲಿಸಿ ಎಂದಲ್ಲಿ ಒಂದು ಚೂರು ಉಳಿದಿದೆ. ಅದು ಮತ್ತೆ ಬೆಳೆಯುತ್ತದೆ. ಯಾವಾಗ ಎಂದು ಅತ್ತೆಯೂ ಹೇಳಲಾರರು. ಸುಸ್ತು ಎಂದಿದ್ದರೆ ಅದನ್ನೂ ತೆಗೆಯುತ್ತಿದ್ದರು. ಇವತ್ತು ಬೆಳಿಗ್ಗೆ ಮಾವನ ಪಕ್ಕ ಕೂತು ಇದೆಲ್ಲವನ್ನೂ ಅವನಿಗೇ ಹೇಳಿಬಿಟ್ಟೆ. ಅವನು ತುಟಿ ಅಲುಗಿಸಿದ, ಬೆವರಿದ, ಮತ್ತೆ ಅಲುಗಿಸಿದ. ಆಮೇಲೆ, ತೊದಲುತ್ತಾ, ಒಂದೊಂದೇ ಅಕ್ಷರ ಎಳೆದು ತರುವ ಹಾಗೆ ಹೇಳಿದ: "ಇರ್ಲಿ ಬಿಡು. ಅಕ್ಕನ್ನ ಕರಿ. ಮಾತಿರೋವಾಗ್ಲೇ ಅವಳಿಗೊಂದು ಮಾತು ಹೇಳ್ಬೇಕು."