ದುಗ್ಗಪ್ಪನ ಸೀಟಿ ವಾಪಸು ಕೊಡಿ

ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಕಪಾಟಿನಲ್ಲಿ ಒಂದು ಹಿತ್ತಾಳೆ ಸೀಟಿ ಇದೆ. ಅದು ಸರ್ಕಾರದ ಆಸ್ತಿಯಲ್ಲ, ಮಾಜಿ ಸೈನಿಕ ದುಗ್ಗಪ್ಪನದು. ಕಳೆದ ಜನವರಿ ಇಪ್ಪತ್ತಾರರಂದು ಮೈದಾನದಲ್ಲಿ ನಿಮ್ಮ ಆಜ್ಞೆಯಂತೆ ಅದನ್ನು ಅವನ ಕೈಯಿಂದ ಕಿತ್ತುಕೊಳ್ಳಲಾಯಿತು. ಗಣರಾಜ್ಯೋತ್ಸವದ ಗಾಂಭೀರ್ಯಕ್ಕೆ ಭಂಗ ತಂದದ್ದು ಅವನ ಅಪರಾಧವಂತೆ. ಮುಂದಿನ ವರ್ಷ ಅವನಿಗೆ ಮೈದಾನಕ್ಕೆ ಪ್ರವೇಶವಿಲ್ಲ ಎಂಬುದು ಶಿಕ್ಷೆಯಂತೆ. ಅರವತ್ತು ದಾಟಿದ ಒಬ್ಬ ಮನುಷ್ಯ ಸೀಟಿ ಊದಿದ್ದಕ್ಕೆ ಇಡೀ ಆಡಳಿತ ಯಂತ್ರ ಹೀಗೆ ಬೆಚ್ಚಿಬಿದ್ದದ್ದನ್ನು ನಾನು ಗಡಿಯಲ್ಲಿದ್ದಾಗಲೂ ಕಂಡಿರಲಿಲ್ಲ. ಅಷ್ಟು ಪ್ರಭಾವವಿರುವ ಆಯುಧ ನಮ್ಮ ಬಳಿ ಇದೆಯೆಂದು ಆಗಲೇ ಗೊತ್ತಿದ್ದರೆ ಬಂದೂಕು ಹೊರುವ ಶ್ರಮ ತಪ್ಪುತ್ತಿತ್ತು.

ನೀವು ಯಾವ ತಾಲ್ಲೂಕಿನ ಅಧ್ಯಕ್ಷರೆಂದು ಇಲ್ಲಿ ಬರೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಾಜಿ ಸೈನಿಕರು ನಾವು ಪ್ರತಿ ವರ್ಷ ಈ ಮೂರರಲ್ಲಿ ಒಂದು ಊರಿನ ಮೈದಾನದಲ್ಲಿ ಸೇರುತ್ತೇವೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೋ ಅವರಿಗೇ ಈ ಪತ್ರ.

ನಾನು ಅರಳಸುರಳಿಯ ಮಂಜಯ್ಯ. ಸೇನೆಯ ಎಂಜಿನಿಯರ್ ದಳದಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ, ಈಗ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಗಡಗಡ ಸದ್ದಿನಲ್ಲೇ ಬದುಕು. ಹೆಂಡತಿ ವೆಂಕಮ್ಮ ಊಟಕ್ಕೆ ಕರೆದರೆ ಊರಿಗೆಲ್ಲ ಕೇಳುತ್ತದೆ, ನನಗೊಬ್ಬನಿಗೆ ಕೇಳುವುದಿಲ್ಲ. ಮೌನದ ಬಗ್ಗೆ ಪಾಠ ಹೇಳಲು ಇವನ್ಯಾರು ಎಂದು ನೀವು ಕೇಳಬಹುದು. ಸದ್ದಿನ ವ್ಯಾಪಾರಿಗೇ ಮೌನದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ, ಸ್ವಾಮಿ.

ಎರಡು ಸಾವಿರದ ಒಂದನೆಯ ಇಸವಿ, ಇದೇ ಜನವರಿ ಇಪ್ಪತ್ತಾರು. ನಾವು ಬೂಟಿಗೆ ಮೆರುಗು ಹಚ್ಚಿ ಪರೇಡಿಗೆ ನಿಂತಿದ್ದೆವು. ಅಷ್ಟರಲ್ಲಿ ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿದ ಸುದ್ದಿ ಬಂತು. ಅದೇ ಬೂಟಿನಲ್ಲೇ ಹೊರಟೆವು. ಅಲ್ಲೊಂದು ಊರಿನಲ್ಲಿ ಶಾಲೆಯ ಮಕ್ಕಳು ಬಾವುಟ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರು. ಎರಡೂ ಬದಿಯ ಕಟ್ಟಡಗಳು ಅವರ ಮೇಲೆಯೇ ಕುಸಿದಿದ್ದವು. ಇದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗದು.

ಕುಸಿದ ಮನೆಯಡಿ ಜೀವ ಹುಡುಕುವ ಕ್ರಮ ಹೇಗೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಸ್ವಲ್ಪ ಹೊತ್ತು ಅಗೆಯಬೇಕು, ಕಲ್ಲು ಎತ್ತಬೇಕು. ಆಮೇಲೆ ಒಬ್ಬ ಸೀಟಿ ಊದುತ್ತಾನೆ. ಆಗ ಗುದ್ದಲಿ, ಕ್ರೇನು, ಜನರೇಟರು ಎಲ್ಲ ನಿಲ್ಲಬೇಕು. ಅಳುವವರೂ ಬಾಯಿಗೆ ಸೆರಗು ಒತ್ತಿಕೊಳ್ಳಬೇಕು. ಸೀಟಿಯವನು ಕಾಂಕ್ರೀಟಿನ ಮೇಲೆ ಬೋರಲು ಮಲಗಿ, ಬಿರುಕಿಗೆ ಬಾಯಿಟ್ಟು ಕೂಗುತ್ತಾನೆ. ಆಮೇಲೆ ಕಿವಿಯಿಟ್ಟು ಕಾಯುತ್ತಾನೆ. ನಮ್ಮ ತಂಡದಲ್ಲಿ ಆ ಕೆಲಸ ಇಕ್ಕೇರಿ ಕಡೆಯ ದುಗ್ಗಪ್ಪನದು. ಹಿಂದಿಯಲ್ಲಿ "ಕೋಯಿ ಹೈ?" ಎಂದು ಕೂಗಬೇಕೆಂಬುದು ಆದೇಶ. ಗಾಬರಿಯಲ್ಲಿ ಅವನಿಗೆ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ: "ಯಾರಾದ್ರೂ ಇದೀರಾ?"

ಒಮ್ಮೆ ಒಳಗಿನಿಂದ ಟಕ್ ಟಕ್ ಎಂದು ಬಟ್ಟಲು ಬಡಿದ ಸದ್ದು ಬಂತು. ಗುಜರಾತಿ ಅಜ್ಜಿಯೊಬ್ಬಳನ್ನು ಹೊರಗೆಳೆದೆವು. ಆಕೆ ಮೊದಲು ಕೇಳಿದ್ದು ನೀರನ್ನಲ್ಲ, ಚಪ್ಪಲಿಯನ್ನು. ಬರಿಗಾಲಲ್ಲಿ ಬೀದಿಗೆ ಬರುವ ಮನೆತನ ತನ್ನದಲ್ಲ ಎಂದು ಹಟ ಹಿಡಿದಳು. ದುಗ್ಗಪ್ಪ ತನ್ನ ಬೂಟುಗಳನ್ನೇ ಬಿಚ್ಚಿ ಆಕೆಯ ಕಾಲಿಗೆ ತೊಡಿಸಿದ. ಮಿಲಿಟರಿ ಬೂಟು ಹಾಕಿದ ಅಜ್ಜಿ ಆಂಬುಲೆನ್ಸ್ ಹತ್ತುವಾಗ ಅಷ್ಟು ಸಾವಿನ ನಡುವೆ ನಾವೆಲ್ಲ ನಕ್ಕುಬಿಟ್ಟೆವು. ಬೂಟಿಲ್ಲದೆ ಕರ್ತವ್ಯದಲ್ಲಿದ್ದುದಕ್ಕೆ ಸುಬೇದಾರರು ಅವನನ್ನು ಚೆನ್ನಾಗಿ ಬೈದರು. ಹಾಗಾಗಿ ಶಿಸ್ತು ಉಲ್ಲಂಘನೆಯ ಆರೋಪ ಅವನಿಗೆ ಹೊಸದಲ್ಲ. ನೀವು ಇಪ್ಪತ್ತೈದು ವರ್ಷ ತಡವಾಗಿ ಬಂದಿದ್ದೀರಿ.

ಆದರೆ ಅಜ್ಜಿ ಸಿಕ್ಕಿದ್ದು ಒಮ್ಮೆ. ಉತ್ತರ ಬಾರದೇ ಹೋದದ್ದೇ ಹೆಚ್ಚು. ನಿವೃತ್ತನಾಗಿ ಬಂದ ಮೇಲೆ ಜನವರಿ ಇಪ್ಪತ್ತಾರು ಬಂದರೆ ದುಗ್ಗಪ್ಪ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಕಾಗದದ ಬಾವುಟ ಹಿಡಿದ ಮಕ್ಕಳನ್ನು ಕಂಡರೆ ಅವನಿಂದ ತಡೆಯಲಾಗುತ್ತಿರಲಿಲ್ಲ. ಬರಬರುತ್ತ ಉಳಿದ ದಿನಗಳಲ್ಲೂ ಬಾಗಿಲು ತೆರೆಯುವುದು ಕಡಿಮೆಯಾಯಿತು. ಅವನ ಹೆಂಡತಿ ಹುಲಿಗೆಮ್ಮ ಫೋನು ಮಾಡಿ, "ಮಂಜಣ್ಣ, ಇವ್ರು ನನ್ನತ್ರನೂ ಮಾತಾಡದು ಬಿಟ್ಟಿದಾರೆ, ನೀವಾದ್ರೂ ಬನ್ನಿ" ಎಂದರು. ನಾವು ಸರದಿಯ ಮೇಲೆ ಹೋಗತೊಡಗಿದೆವು. ಹೋಗಿ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿ ಬರುವುದು, ಅಷ್ಟೇ. ಈ ವರ್ಷ ಗಣರಾಜ್ಯೋತ್ಸವಕ್ಕೆ ಬಾ ಎಂದು ಕರೆದಾಗ ಕೊನೆಗೂ ಬಾಯಿಬಿಟ್ಟ.

"ಒಂದು ನಿಮಿಷ ಮೌನ ಇರತ್ತಾ ಅಲ್ಲಿ?"

"ಇರತ್ತೆ ಮಾರಾಯ, ಪ್ರತಿ ವರ್ಷ ಇರತ್ತೆ."

"ನಿಜವಾದ್ದಾ? ಸದ್ದೇ ಇಲ್ದಿದ್ದು?"

"ನಿಜವಾದ್ದೇ."

"ಹಂಗಾದ್ರೆ ಬರ್ತೀನಿ."

ಮಾನ್ಯರೇ, ನಿಮ್ಮ ಪರವಾಗಿ ಮಾತು ಕೊಟ್ಟವನು ನಾನು. ಸರ್ಕಾರದ ಪರವಾಗಿ ಮಾತು ಕೊಡಬಾರದೆಂಬ ಬುದ್ಧಿ ನನಗೆ ಈ ವಯಸ್ಸಿನಲ್ಲಾದರೂ ಬರಬೇಕಿತ್ತು.

ಮೈದಾನದಲ್ಲಿ ನಡೆದದ್ದನ್ನು ನೀವೇ ವೇದಿಕೆಯಿಂದ ನೋಡಿದ್ದೀರಿ. ಕಛ್‌ನಲ್ಲಿ ಮಡಿದವರ ಸ್ಮರಣೆಗೆ ಒಂದು ನಿಮಿಷ ಮೌನ ಎಂದು ನಿರೂಪಕರು ಘೋಷಿಸಿದರು. ಎಲ್ಲರೂ ಎದ್ದರು. ಮೌನ ಶುರುವಾದ ಕೂಡಲೇ ಧ್ವನಿವರ್ಧಕದಲ್ಲಿ ಪಿಟೀಲು ಶುರುವಾಯಿತು! ಮೌನಕ್ಕೂ ಹಿನ್ನೆಲೆ ಸಂಗೀತ ಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು? ಅಷ್ಟು ಸಾಲದೆಂದು ನಿರೂಪಕರು "ನೋಡಿ, ಎಂಥ ಭಾವುಕ ಕ್ಷಣ! ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ!" ಎಂದು ಪಿಟೀಲಿಗಿಂತ ಜೋರಾಗಿ ವರ್ಣಿಸಿದರು. ನಡುವೆ, ವೇದಿಕೆಯ ಹಿಂದೆ ನಿಲ್ಲಿಸಿದ ಬಿಳಿ ಕಾರನ್ನು ಮಾಲೀಕರು ಕೂಡಲೇ ತೆಗೆಯಬೇಕೆಂದು ವಿನಂತಿ. ಸೂಜಿಯೇನು, ಆ ನಿಶ್ಶಬ್ದದಲ್ಲಿ ನನ್ನ ಗಿರಣಿಯನ್ನು ತಂದು ಓಡಿಸಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ.

ಪಕ್ಕದಲ್ಲಿ ನಿಂತ ದುಗ್ಗಪ್ಪನ ಮುಖ ನೋಡಲು ನನಗೆ ನಾಚಿಕೆಯಾಯಿತು. ಅವನು ಜೇಬಿಗೆ ಕೈಹಾಕಿದ, ಸೀಟಿ ತೆಗೆದ, ಎದೆ ತುಂಬ ಉಸಿರೆಳೆದು ಊದಿದ.

ಆಮೇಲೆ ಆದದ್ದನ್ನು ನೀವು ಮರೆಯಲಾರಿರಿ. ಪಿಟೀಲು ನಿಂತಿತು. ನಿರೂಪಕರ ಬಾಯಿ ತೆರೆದಂತೆಯೇ ನಿಂತಿತು. ಐಸ್‌ಕ್ರೀಮ್ ಗಾಡಿಯವನ ಗಂಟೆಯೂ ನಿಂತಿತು. ಧ್ವಜದ ಹಗ್ಗ ಕಂಬಕ್ಕೆ ತಾಗುವ ಸದ್ದು ಆ ಮೈದಾನದಲ್ಲಿ ಮೊದಲ ಸಲ ನನಗೆ ಕೇಳಿಸಿತು. ಆಗ ದುಗ್ಗಪ್ಪ ಕೂಗಿದ: "ಯಾರಾದ್ರೂ ಇದೀರಾ?"

ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಬಂತು. ಜನರ ಹಿಂದಿನಿಂದ, ಗಡ್ಡ ಬಿಟ್ಟ ಒಬ್ಬ ಮನುಷ್ಯ ಕೈಯೆತ್ತಿ, "ನಾನಿದೀನಿ!" ಎಂದರು. ಅವರು ಭೂತಪ್ಪ. ಸೇನೆಯಲ್ಲಿ ಲಾರಿ ಚಾಲಕರಾಗಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಜೋಗದಲ್ಲಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದವರು. ನಮ್ಮ ಮಾಜಿ ಸೈನಿಕರ ಸಂಘಕ್ಕೆ ಅವರು ಇರುವುದೇ ತಿಳಿದಿರಲಿಲ್ಲ. ಯಾಕೆ ಓಗೊಟ್ಟಿರಿ ಎಂದರೆ, "ಎಂತ ಮಾಡದು, ಇಷ್ಟು ವರ್ಷದಲ್ಲಿ ಯಾರೂ ಕರ್ದಿರ್ಲಿಲ್ಲ, ಇವ್ರು ಕರೆದ್ರಲ್ಲ" ಎಂದರು. ಇಬ್ಬರೂ ತಬ್ಬಿಕೊಳ್ಳಬೇಕೆನ್ನುವಷ್ಟರಲ್ಲಿ ನಿಮ್ಮ ಆಜ್ಞೆ ಹೊತ್ತು ಕಾನ್‌ಸ್ಟೇಬಲ್ ಬಂದರು. ಪಾಪ, ಸೀಟಿ ಕಿತ್ತುಕೊಳ್ಳುವಾಗ ಅವರ ಎದೆಯ ಮೇಲೂ ಒಂದು ಸೀಟಿ ತೂಗುತ್ತಿತ್ತು.

ಈಗ ಹೇಳಿ, ಗಾಂಭೀರ್ಯಕ್ಕೆ ಭಂಗ ತಂದವರು ಯಾರು? ಇಡೀ ಸಮಾರಂಭದಲ್ಲಿ ನಿಜವಾಗಿ ಮೌನ ಆಚರಿಸಿದ್ದು ಆ ಸೀಟಿಯ ನಂತರವಲ್ಲವೇ? ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ನಮ್ಮನ್ನು ಸಾಲಾಗಿ ಕೂರಿಸುತ್ತೀರಿ. ಸಂತೋಷ. ಶಾಲು ಎಲ್ಲರ ಮನೆಯಲ್ಲೂ ರಾಶಿ ಬಿದ್ದಿದೆ. ನಮಗೆ ಬೇಕಾದದ್ದು ನಮ್ಮವರಲ್ಲಿ ಯಾರು ಇನ್ನೂ ಅಡಿಯಲ್ಲಿ ಸಿಕ್ಕಿಕೊಂಡಿದ್ದಾರೆಂದು ಕರೆದು ಕೇಳುವಷ್ಟು ನಿಶ್ಶಬ್ದ.

ದುಗ್ಗಪ್ಪ ಈಗ ವಾರಕ್ಕೊಮ್ಮೆ ಜೋಗಕ್ಕೆ ಬಸ್ಸು ಹತ್ತುತ್ತಾನೆ. ಭೂತಪ್ಪನವರು ಗಡ್ಡ ಬೋಳಿಸಿದ್ದಾರೆ. ಇಬ್ಬರೂ ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆಂದು ಹುಲಿಗೆಮ್ಮನೇ ಸಾಕ್ಷಿ. ಆದರೆ ಅದೇ ಹುಲಿಗೆಮ್ಮ ಮೊನ್ನೆ ಕೇಳಿದರು, "ಬರೋ ವರ್ಷ ಗೇಟಲ್ಲಿ ತಡೆದ್ರೆ ಇವ್ರು ಮತ್ತೆ ಬಾಗ್ಲು ಹಾಕ್ಕಂಬಿಡ್ತಾರೆ ಮಂಜಣ್ಣ, ಆಗೆಂತ ಮಾಡದು?" ಅದಕ್ಕೇ ಈ ಪತ್ರ.

ಆದ್ದರಿಂದ ಪ್ರವೇಶ ನಿಷೇಧವನ್ನು ಹಿಂತೆಗೆದುಕೊಳ್ಳಿ. ಸೀಟಿಯನ್ನು ಜವಾನನ ಕೈಯಲ್ಲಿ ಕಳಿಸದೆ ನೀವೇ ದುಗ್ಗಪ್ಪನ ಮನೆಗೆ ತಂದುಕೊಡಿ. ಹುಲಿಗೆಮ್ಮನ ಕೈಯ ಕಾಫಿ ಚೆನ್ನಾಗಿರುತ್ತದೆ, ನಿಮಗೇನೂ ನಷ್ಟವಿಲ್ಲ. ಮುಂದಿನ ಜನವರಿ ಇಪ್ಪತ್ತಾರರಂದು ಪಿಟೀಲಿಗೂ ನಿರೂಪಕರಿಗೂ ಒಂದು ನಿಮಿಷ ರಜೆ ಕೊಟ್ಟು ಆ ನಿಮಿಷವನ್ನು ದುಗ್ಗಪ್ಪನಿಗೆ ಬಿಡಿ.

ಒಮ್ಮೆ ಕರೆದಾಗ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕರೆಯಬೇಕು, ಒಳಗೆ ಯಾರೂ ಇಲ್ಲವೆಂದು ಅವಸರದಲ್ಲಿ ತೀರ್ಮಾನಿಸಬಾರದು ಎಂದು ಸೇನೆ ನಮಗೆ ಕಲಿಸಿದೆ. ಈ ಪತ್ರಕ್ಕೆ ಉತ್ತರ ಬಾರದಿದ್ದರೆ ನಾನು ಗಿರಣಿಗೆ ಬೀಗ ಹಾಕಿ, ದುಗ್ಗಪ್ಪ, ಭೂತಪ್ಪರನ್ನು ಕರೆದುಕೊಂಡು ನಿಮ್ಮ ಕಚೇರಿಯ ಬಾಗಿಲಿಗೆ ಬರುತ್ತೇನೆ. ಬಂದು, ಬಿರುಕಿಗೆ ಬಾಯಿಟ್ಟು ಕೂಗುತ್ತೇನೆ:

"ಯಾರಾದ್ರೂ ಇದೀರಾ?"

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟು ಕೆಟ್ಟ,
ಮಂಜಯ್ಯ, ನಿವೃತ್ತ ಹವಾಲ್ದಾರ,
ಹಿಟ್ಟಿನ ಗಿರಣಿ, ಅರಳಸುರಳಿ